ಕಾಫಿ ಕಣದ ಮೇಲೆ ಅ ಆ ಇ ಈ

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಬಸ್ಸಿನ ಚಕ್ರಗಳಿಗೆ ಕೊಟ್ಟಿದ್ದ ಕಲ್ಲುಗಳನ್ನು ತೆಗೆದು ಅದೇ ಜಾಗದಲ್ಲಿ ನಿಂಬೆಹಣ್ಣುಗಳನ್ನು ಇಟ್ಟರು. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ, ಅಲ್ಲಿದ್ದವರೆಲ್ಲ ಗಡಿಯಾರ ನೋಡುತ್ತಿದ್ದರು. ಹತ್ತೂವರೆಗೆ ರಾಹುಕಾಲ ಶುರು. ಅಷ್ಟರೊಳಗೆ ಹೊಸ ಬಸ್ಸು ನಿಂಬೆಹಣ್ಣುಗಳನ್ನು ತುಳಿದು ಮುಂದಕ್ಕೆ ಹೋಗಬೇಕು. ಹೋಗುವ ಮೊದಲು ಅದರ ನೆತ್ತಿಯ ಮೇಲೆ ಹೆಸರು ಪೂರ್ತಿಯಾಗಿರಬೇಕು. ಹೆಸರು ಬರೆಯುತ್ತಿದ್ದವರು ನನ್ನ ಗಂಡ. ಕೊನೆಯ ಅಕ್ಷರದ ಗುಡಿಸು, ಇ-ಕಾರದ ಆ ಸುತ್ತು, ಒಂದು ಬಾಕಿ ಇತ್ತು.

ಗಂಡನ ಹೆಸರು ಹೇಳುವ ಅಭ್ಯಾಸ ನಮ್ಮ ಕಾಲದವರಿಗೆ ಇಲ್ಲ. ಮೈಸೂರಿನಲ್ಲಿ ಬಿ.ಎ. ಓದಿ ಬಂದರೂ ನನಗೆ ಅದೊಂದು ಬರಲಿಲ್ಲ. ಹಾಗಾಗಿ ಇಲ್ಲಿಯೂ ‘ಇವರು’ ಎಂದೇ ಬರೆಯುತ್ತೇನೆ.

ಆಗ ಕೂರ್ಗ್ ಒಂದು ಸ್ಟೇಟ್. ನಾವು ವಿರಾಜಪೇಟೆಯಲ್ಲಿ ಬಾಡಿಗೆಗೆ ಇದ್ದೆವು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್, ಇವರು ಬೋರ್ಡು ಬರೆಯುವವರು. ಇಬ್ಬರೂ ಕುಶಾಲನಗರದ ಕಡೆಯವರು. ನನ್ನ ತವರು ಶಿರಂಗಾಲ. ಹಿರಿಯರು ಹಾಸನದಿಂದ ಬಂದು ನೆಲೆಸಿದ್ದರಿಂದ ನಮ್ಮ ಮಾತಿನಲ್ಲಿ ‘ಕಣೇ’, ‘ಕಣ್ರೀ’ ಹೆಚ್ಚು. ವಿರಾಜಪೇಟೆಯ ಅಂಗಡಿಗಳಲ್ಲಿ ನಾನು ಬಾಯಿ ಬಿಟ್ಟ ಕೂಡಲೇ ಯಾರಾದರೊಬ್ಬರು ನಗುತ್ತಿದ್ದರು. ನಾನು ಬೇಗ ‘ಎಂತ ಮಾರಾಯ್ರೆ’ ಕಲಿತೆ. ಇವರು ಕಲಿಯಲಿಲ್ಲ.

ಇವರ ಅಕ್ಷರಗಳ ವಿಷಯ ಹೇಳಬೇಕು. ಅವು ನೆಟ್ಟಗೆ ನಿಲ್ಲುತ್ತಿರಲಿಲ್ಲ. ‘ಕ’ ಬುಟ್ಟಿ ಹೊತ್ತವಳ ಹಾಗೆ ಒಂದು ಪಕ್ಕಕ್ಕೆ ಸೊಂಟ ಕೊಟ್ಟು ನಡೆಯುತ್ತಿತ್ತು. ‘ರ’ ತನ್ನ ತಲೆಕಟ್ಟನ್ನು ಎಸ್ಟೇಟ್ ದೊರೆಯ ಟೊಪ್ಪಿಯಂತೆ ಓರೆಯಾಗಿ ಹಾಕಿಕೊಂಡಿರುತ್ತಿತ್ತು. ‘ಹ’ ಆಕಳಿಸುತ್ತಿತ್ತು. ‘ಳ’ ಒಲೆಯ ಪಕ್ಕ ಮಲಗಿದ ನಾಯಿಮರಿಯಂತೆ ಬಾಲ ಸುತ್ತಿಕೊಂಡಿರುತ್ತಿತ್ತು. ಇವರು ಪೆನ್ಸಿಲ್ ಮುಟ್ಟುತ್ತಿರಲಿಲ್ಲ. ಉಳಿದ ಬೋರ್ಡಿನವರು ದಾರಕ್ಕೆ ಸುಣ್ಣ ಹಚ್ಚಿ ಗೆರೆ ಹೊಡೆದು, ಅಕ್ಷರದ ಹೊರಗೆರೆ ಎಳೆದು, ಒಳಗೆ ಬಣ್ಣ ತುಂಬುತ್ತಿದ್ದರು. ಇವರು ಬಣ್ಣದಲ್ಲಿ ಅದ್ದಿದ ಬ್ರಷ್ಷನ್ನು ನೇರವಾಗಿ ಹಲಗೆಗೆ ಇಟ್ಟು ಒಂದೇ ಉಸಿರಿಗೆ ಬರೆಯುತ್ತಿದ್ದರು. ಹೇಗೆ ಎಂದು ಕೇಳಿದರೆ, “ಒತ್ತಿದ್ರೆ ಹೊಟ್ಟೆ, ಎತ್ತಿದ್ರೆ ಬಾಲ. ಅಷ್ಟೇ ಕಣೇ” ಎನ್ನುವರು.

ಬಸ್ ನಿಲ್ಲುವ ಜಾಗದಲ್ಲಿ ಚಹಾ ಅಂಗಡಿ ಇಟ್ಟಿದ್ದ ಮಲಯಾಳಿ ಕಾಕನಿಗೆ ಮೊದಲ ಬೋರ್ಡು ಬರೆದದ್ದು ಇವರೇ. ಆತ ನನ್ನನ್ನು ಕಂಡಾಗಲೆಲ್ಲ ಕರೆದು ಹೇಳುತ್ತಿದ್ದ: “ಟೀಚರೇ, ನಿಮ್ಮ ಆರ್ಟಿಸ್ಟ್ ಬರ್ದ ಬೋರ್ಡ್ ನೋಡಿ ಜನ ನಕ್ಕೊಂಡು ಒಳಗೆ ಬರ್ತಾರೆ. ನಕ್ಕೊಂಡು ಬಂದವ ಚಾಯ ಕುಡಿಯದೆ ಹೋಗ್ಲಿಕ್ಕೆ ಪಟ್ಟುಮೋ?”

ಆ ವರ್ಷ ಮಳೆಗಾಲ ಕಳೆಯುವ ಹೊತ್ತಿಗೆ ಪೇಟೆಯ ಪ್ರೆಸ್ಸಿನ ಯಜಮಾನರು ಮನೆಗೆ ಬಂದರು. ಅವರದು ಮದುವೆ ಕಾಗದ, ನಾಟಕದ ನೋಟೀಸು, ಹರಾಜಿನ ಹ್ಯಾಂಡ್‌ಬಿಲ್ ಅಚ್ಚು ಹಾಕುವ ಸಣ್ಣ ಪ್ರೆಸ್ಸು. ಕೂತವರೇ ಹೇಳಿದರು: “ನನ್ನ ಸೀಸದ ಅಕ್ಷರಗಳು ಸ್ಕೂಲ್ ಮಕ್ಕಳ ಹಾಗೆ ಅಟೆನ್ಷನ್‌ನಲ್ಲಿ ನಿಂತಿರ್ತವೆ. ಮದುವೆಗೂ ಅದೇ, ಹರಾಜಿಗೂ ಅದೇ. ನಂಗೆ ಕುಣಿಯೋ ಅಕ್ಷರ ಬೇಕು. ಅ-ದಿಂದ ಳ-ವರೆಗೆ, ಒತ್ತು ಕೊಂಬು ಎಲ್ಲ ಸೇರಿಸಿ ಕಾಗದದಲ್ಲಿ ಬರ್ದುಕೊಡಿ. ಮರದಲ್ಲಿ ಕೆತ್ತಿಸಿ ದೊಡ್ಡ ಅಚ್ಚು ಮಾಡಿಸ್ತೇನೆ. ಕೆತ್ತುವವ ಶಿವರಾತ್ರಿ ಹೊತ್ತಿಗೆ ಬರ್ತಾನೆ. ಆಮೇಲೆ ಕೇಳಿದ್ರೆ ಸಿಗೋ ಮನುಷ್ಯ ಅಲ್ಲ.”

ಅಂದು ಇವರಿಗಾದ ಖುಷಿಯನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ. ತಾವು ಬರೆದ ಬೋರ್ಡುಗಳೆಲ್ಲ ಒಂದೊಂದು ಬಾಗಿಲ ಮೇಲೆ ನಿಂತು ಮಳೆಗೆ ಮಾಸಿಹೋಗುತ್ತವೆ, ಎರಡು ಮಳೆಗಾಲ ಕಂಡರೆ ಹೆಚ್ಚು. ಅಚ್ಚಿನ ಅಕ್ಷರವಾದರೆ ಕಾಗದ ಹೋದಲ್ಲೆಲ್ಲ ಹೋಗುತ್ತದೆ ಎಂದು ಊಟದ ಹೊತ್ತಿನಲ್ಲಿ ಹೇಳಿದರು. “ಬಿಟ್ಟಂಗಾಲದಲ್ಲಿ ಒಂದು ಮದುವೆ, ಪಾಲಿಬೆಟ್ಟದಲ್ಲಿ ಒಂದು ನಾಟಕ. ಎಲ್ಲಾ ಕಡೆ ನನ್ನ ‘ಹ’ ಆಕಳಿಸ್ತಾ ಇರತ್ತೆ!” ಎಷ್ಟು ಅಚ್ಚು ಬೇಕು ಎಂದು ನಾನು ಲೆಕ್ಕ ಹಾಕಲು ಹೋಗಿ ಗಾಬರಿಯಾದೆ. ಒಂದೊಂದು ವ್ಯಂಜನಕ್ಕೂ ಕಾಗುಣಿತದ ಇಡೀ ಬಳ್ಳಿ ಬರೆದರೆ ಮುಗಿಯುವುದುಂಟೆ? ಇವರು ಅದಕ್ಕೂ ಉಪಾಯ ಕಂಡಿದ್ದರು: ಕೊಂಬು, ಒತ್ತು, ಸುಳಿ ಇವೆಲ್ಲ ಬೇರೆ ಬೇರೆ ತುಂಡು, ಬೇಕಾದಲ್ಲಿ ತಂದು ಜೋಡಿಸುವುದು. ಬಸ್ಸಿನ ಕೆಲಸ ಮುಗಿದ ಮರುದಿನವೇ ಶುರು ಮಾಡುವುದೆಂದು ಕಾಗದವನ್ನೂ ತಂದಿಟ್ಟರು.

ಆ ಬಸ್ಸು. ಹೊಸದು ಎಂದೆನಲ್ಲ, ಹೊಸದು ಅದರ ಮರದ ಮೈ ಮಾತ್ರ. ಎಂಜಿನ್ನು ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಲಾರಿಯದು. ನಮ್ಮ ಕಡೆ ಆಗ ಬಸ್ಸುಗಳನ್ನು ಇಳಿಜಾರಿನಲ್ಲಿ, ಮೂತಿ ಕೆಳಗೆ ಮಾಡಿಯೇ ನಿಲ್ಲಿಸುತ್ತಿದ್ದರು. ಬೆಳಿಗ್ಗೆ ಚಳಿಗೆ ಸ್ಟಾರ್ಟ್ ಆಗದಿದ್ದರೆ ತಾನಾಗಿ ಉರುಳಲು ಬಿಟ್ಟು ಎಬ್ಬಿಸಬಹುದು. ಕೈಬ್ರೇಕನ್ನು ಯಾರೂ ನಂಬುತ್ತಿರಲಿಲ್ಲ; ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು. ಪ್ರತಿ ಕ್ಲೀನರ್‌ನ ಮೊದಲ ವಿದ್ಯೆ ಕಲ್ಲು ಕೊಡುವುದು. ಬಸ್ಸಿನ ಪೂಜೆಗೆ ನಿಂಬೆಹಣ್ಣು ಇಡಬೇಕಾದದ್ದೂ ಚಕ್ರದ ಮುಂದೆಯೇ. ಕಲ್ಲು ಇರುವ ಜಾಗ ಅದು. ಒಂದು ಜಾಗದಲ್ಲಿ ಎರಡು ಕೂರುವುದಿಲ್ಲ. ಹೊತ್ತು ಮೀರುತ್ತಿತ್ತು, ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರು. ಸುತ್ತ ನಿಂತವರೆಲ್ಲ ನೋಡಿದರು. ಯಾರಿಗೂ ಏನೂ ಅನ್ನಿಸಲಿಲ್ಲ. ನಿಂಬೆಹಣ್ಣಿಗೆ ಕುಂಕುಮ ಚೆನ್ನಾಗಿ ಒಪ್ಪಿದೆ ಎಂದು ನಾನು ಅಂದುಕೊಂಡೆ.

ಇವರು ಬಾನೆಟ್ಟಿನ ಮೇಲೆ ನಿಂತು, ಗಾಜಿನ ಮೇಲಿನ ಹಲಗೆಗೆ ಮುಖ ಮಾಡಿ ಬರೆಯುತ್ತಿದ್ದರು. ನಾನು ರಸ್ತೆಯ ಕೆಳಗಡೆ, ಬಸ್ಸಿಗೆ ಎದುರಾಗಿ ನಿಂತಿದ್ದೆ. ಅದು ನನ್ನ ಕೆಲಸ. ರಜೆಯಿದ್ದಾಗಲೆಲ್ಲ ಜೊತೆಗೆ ಹೋಗಿ, ದೂರ ನಿಂತು, ಯಾವ ಅಕ್ಷರ ಹೆಚ್ಚು ವಾಲಿತು, ಯಾವುದು ಸಾಲು ಬಿಟ್ಟು ಹಾರಿತು ಎಂದು ಕೂಗಿ ಹೇಳುವುದು. ಹತ್ತಿರ ನಿಂತವರಿಗೆ ಅದು ಕಾಣುವುದಿಲ್ಲ.

ಬಸ್ಸಿನ ಮಾಲೀಕರು ಕೊಡವರು, ದೊಡ್ಡ ಮೀಸೆಯ ಒಳ್ಳೆಯ ಮನುಷ್ಯ. ತಮ್ಮ ಮಗಳ ಹೆಸರನ್ನೇ ಬಸ್ಸಿಗೆ ಇಟ್ಟಿದ್ದರು. ಕೈಗಡಿಯಾರ ನೋಡಿ ನೋಡಿ ಅವರಿಗೆ ಸಾಕಾಗಿತ್ತು.

“ಒಂದು ಗುಡಿಸಿಗೆ ಎಷ್ಟೊತ್ತು ಮಾರಾಯ್ರೆ? ಹೀಗೇ ಆದ್ರೆ ರಾಹು ಬಂದು ಫ್ರಂಟ್ ಸೀಟಲ್ಲೇ ಕೂತ್ಕೊಳ್ತಾನೆ!”

“ಕೂರ್ಲಿ ಸಾರ್, ಟಿಕೆಟ್ ಹರೀರಿ,” ಎಂದರು ಇವರು, ತಿರುಗದೆ.

ಎಲ್ಲರೂ ನಕ್ಕರು. ಡ್ರೈವರ್ ಕೂಡ ನಕ್ಕ. ಅವನು ಮಡಿಕೇರಿ ಕಡೆಯ ಅರೆಭಾಷೆಯವನು. ಮಂಗಳಾರತಿ ತೆಗೆದುಕೊಳ್ಳಲು ಸೀಟಿನಿಂದ ಕೆಳಗಿಳಿದು, ಚಪ್ಪಲಿ ಬಿಟ್ಟು, ಕೈಮುಗಿದು ನಿಂತಿದ್ದ. ಭಟ್ಟರು ಗಂಟೆ ಆಡಿಸಿದರು.

ಬಸ್ಸು ಹೊರಟಿತು.

ಎಂಜಿನ್ನಿನ ಶಬ್ದವಿಲ್ಲದೆ ಬಸ್ಸು ಬರುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಮೊದಲು ಇವರೇ ಸ್ವಲ್ಪ ಮುಂದಕ್ಕೆ ಬಾಗಿದಂತೆ ಕಂಡಿತು. ಆಮೇಲೆ ಅಕ್ಷರಗಳು ದೊಡ್ಡದಾಗತೊಡಗಿದವು. ಡ್ರೈವರನೇ ಶಾಸ್ತ್ರಕ್ಕೆ ಬಸ್ಸು ಬಿಟ್ಟನೆಂದು ತಿಳಿದ ಇವರು ಹಲಗೆಗೆ ಮುಖ ಮಾಡಿಕೊಂಡೇ ಕೂಗಿದರು: “ಒಂದ್ನಿಮಿಷ ತಡೀರಿ, ಗುಡಿಸು!” ಹಿಂದೆ ಹತ್ತು ಜನ ಒಟ್ಟಿಗೆ ಕಿರುಚಿದರು. ಆಗ ತಿರುಗಿ ನೋಡಿದವರು ನನ್ನನ್ನು ಕಂಡರು. ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದರಲ್ಲಿ ಬಣ್ಣದ ಡಬ್ಬಿ. ಹಿಡಿದುಕೊಳ್ಳಲು ಮೂರನೆಯ ಕೈ ಇಲ್ಲ.

“ಆಚೆ ಹೋಗೇ!”

ನನಗೆ ಕೇಳಿಸಿತು. ಅರ್ಥವೂ ಆಯಿತು. ಕಾಲು ಏಳಲಿಲ್ಲ. ಪೂಜೆಗೆ ಹೂ ತಂದಿದ್ದ ಮುದುಕಿಯೊಬ್ಬಳು ನನ್ನ ರಟ್ಟೆ ಹಿಡಿದು ಎಳೆದುಕೊಂಡಳು. ಇಬ್ಬರೂ ಚರಂಡಿಯಲ್ಲಿ ಬಿದ್ದೆವು. ಡ್ರೈವರ್ ಬರಿಗಾಲಿನಲ್ಲಿ ಓಡಿ ಬಾಗಿಲಿಗೆ ನೇತುಬಿದ್ದು, ಒಳಗೆ ಹೊಕ್ಕು, ಸ್ಟೇರಿಂಗನ್ನು ಪಕ್ಕದ ದಿಬ್ಬದ ಕಡೆಗೆ ತಿರುಗಿಸಿದ. ರಸ್ತೆ ಬದಿಯ ಆ ಮಣ್ಣಿನ ಬರೆಗೆ ಬಸ್ಸಿನ ಮೂತಿ ಹೊಕ್ಕು ನಿಂತಿತು. ಇವರು ಹಾರಿಹೋಗಿ ಅದೇ ಬರೆಗೆ ಬಡಿದು, ಬಲಗೈ ಮೈಯಡಿಗೆ ಸಿಕ್ಕಿ ಬಿದ್ದರು.

ನಾನು ಎದ್ದು ಓಡುವಾಗ ಇವರು ತಲೆಯಿಂದ ಸೊಂಟದವರೆಗೆ ಕೆಂಪಾಗಿದ್ದರು. ಆಗ ನನ್ನ ಗಂಟಲಿನಿಂದ ಬಂದ ದನಿ ನನ್ನದೆಂದು ಈಗಲೂ ನಂಬಲಾಗುವುದಿಲ್ಲ.

“ರಕ್ತ ಅಲ್ಲ ಕಣೇ, ಪೇಂಟು,” ಎಂದರು ಇವರು, ಕಣ್ಣುಬಿಟ್ಟು. “ಒಂದು ಡಬ್ಬಿ ಪೂರಾ ಹೋಯ್ತಲ್ಲೇ.”

ಮಣಿಕಟ್ಟಿನ ಎಲುಬು ಮುರಿದಿತ್ತು. ಉಳಿದಂತೆ ಗಾಯಗಳು, ಅಷ್ಟೆ. ಬೇರೆ ಯಾರಿಗೂ ಏನೂ ಆಗಲಿಲ್ಲ. ಮಾಲೀಕರು ಆಸ್ಪತ್ರೆಗೆ ಕಿತ್ತಳೆ ಬುಟ್ಟಿ ತಂದು, ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು, ಆ ಮೀಸೆ ಇಟ್ಟುಕೊಂಡು ಅತ್ತರು. “ಕಲ್ಲು ತೆಗಿ ಅಂದದ್ದು ನಾನೇ, ನಾನೇ,” ಎಂದರು. ಡ್ರೈವರ್ ಬಾಗಿಲಲ್ಲಿ ನಿಂತು, “ಅಲ್ಲ ಅಕ್ಕ, ಬ್ರೇಕ್ ಹಾಕಿತ್ತು. ಅದ್ಯಾಕೆ ಹಿಡೀಲಿಲ್ಲವೋ ನಂಗೆ ಗೊತ್ತಿಲ್ಲೆ,” ಎಂದು ನೆಲ ನೋಡಿದ. ಇವರು ಇಬ್ಬರನ್ನೂ ಸಮಾಧಾನ ಮಾಡಿದರು. “ಮುಂದಿನ ಬಸ್ಸಿಗೆ ಕಲ್ಲಿನ ಪಕ್ಕಕ್ಕೇ ಇಡಿ ಸಾರ್ ನಿಂಬೆಹಣ್ಣು. ದೇವರು ಸ್ವಲ್ಪ ಸರ್ಕೊಂಡು ಕೂರ್ತಾನೆ.”

ಪ್ಲಾಸ್ಟರಿನ ದಿನಗಳು, ನಿಜ ಹೇಳಬೇಕೆಂದರೆ, ಚೆನ್ನಾಗಿದ್ದವು. ನಾನು ಶಾಲೆಯಿಂದ ಬರುವಷ್ಟರಲ್ಲಿ ಇವರು ಎಡಗೈಯಲ್ಲಿ ಅನ್ನಕ್ಕಿಟ್ಟು, ಅರ್ಧ ಬೆಂದದ್ದನ್ನು ಇಳಿಸಿ ಕಾಯುತ್ತಿದ್ದರು. ನಾನು ಕಲಸಿ ತುತ್ತು ಕೊಡುವುದು, ಇವರು ಉಪ್ಪು ಕಡಿಮೆ ಎನ್ನುವುದು. ಚಹಾದ ಕಾಕ ಸಂಜೆ ಹೊತ್ತು ಬನ್ನು ಕಳಿಸುತ್ತಿದ್ದ. ನನ್ನ ಕ್ಲಾಸಿನ ಹುಡುಗಿಯರು ಬಂದು ಪ್ಲಾಸ್ಟರಿನ ಮೇಲೆ ಪೆನ್ಸಿಲಿನಲ್ಲಿ ತಮ್ಮ ಹೆಸರು ಬರೆದರು. ಇವರು ಒಬ್ಬೊಬ್ಬಳ ಅಕ್ಷರಕ್ಕೂ ಮಾರ್ಕು ಕೊಟ್ಟರು.

ಆದರೆ ನಿದ್ರೆ ಇರಲಿಲ್ಲ. ಕಣ್ಣು ಮುಚ್ಚಿದರೆ ಬಸ್ಸು ಬರುತ್ತಿತ್ತು. ಅದೂ ಪ್ರತಿಸಲ ಒಂದೇ ಬಗೆಯಲ್ಲಿ ಅಲ್ಲ. ಒಮ್ಮೆ ಬಹಳ ನಿಧಾನ. ನಾನು ಓದಬಹುದಾದಷ್ಟು ನಿಧಾನ. ಒಮ್ಮೆ ಮುದುಕಿ ಎಳೆಯುವುದೇ ಇಲ್ಲ. ಒಮ್ಮೆ ನಾನೇ ಮೇಲೆ ನಿಂತಿದ್ದೇನೆ, ಇವರು ಕೆಳಗೆ. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದ್ದವಳು ನಾನು. ಹಗಲಿನಲ್ಲಿ ಕೂತು ಒಂದರ ಹಿಂದೆ ಒಂದನ್ನು ಇಟ್ಟು ನೋಡುತ್ತಿದ್ದೆ. ರಾಹುಕಾಲವಿಲ್ಲದ ಹೊತ್ತಾಗಿದ್ದರೆ? ಬಸ್ಸು ಮೂತಿ ಮೇಲೆ ಮಾಡಿ ನಿಂತಿದ್ದರೆ? ಮಂಗಳಾರತಿಯನ್ನು ಡ್ರೈವರನ ಸೀಟಿಗೇ ಒಯ್ದಿದ್ದರೆ? ಯಾವುದನ್ನು ತೆಗೆದರೂ ಬಸ್ಸು ನಿಲ್ಲುತ್ತಿತ್ತು, ರಾತ್ರಿಯಾದರೆ ಮತ್ತೆ ಹೊರಡುತ್ತಿತ್ತು. ಇಷ್ಟು ವರ್ಷವಾದ ಮೇಲೆ, ಇದನ್ನು ಬರೆಯುವಾಗಲೂ, ಆ ಅಕ್ಷರಗಳು ದೊಡ್ಡದಾಗುವುದು ಕಂಡು ಒಮ್ಮೆ ಪೆನ್ನು ಕೆಳಗಿಟ್ಟೆ.

ಎಚ್ಚರವಾದಾಗ ಕೈ ಚಾಚಿ ಇವರನ್ನು ಮುಟ್ಟಿ ನೋಡುತ್ತಿದ್ದೆ. ಇವರು ಗೊರಕೆ ಹೊಡೆಯುತ್ತಿದ್ದರು. ಬಹಳ ದಿನಗಳ ಮೇಲೆ ಗೊತ್ತಾಯಿತು, ಅದು ಸುಳ್ಳು ಗೊರಕೆ. ನನಗೆ ನಿದ್ರೆ ಬರಲಿ ಎಂದು ಇವರು ಮಲಗಿದಂತೆ ನಟಿಸುತ್ತಿದ್ದರು. ಇವರಿಗೆ ತಿಳಿಯದಿರಲಿ ಎಂದು ನಾನು ಉಸಿರನ್ನು ಉದ್ದ ಎಳೆಯುತ್ತಿದ್ದೆ. ಗಂಡ ಹೆಂಡತಿ ಇಬ್ಬರೂ ಕತ್ತಲೆಯಲ್ಲಿ ಒಬ್ಬರಿಗೊಬ್ಬರು ಅಷ್ಟು ಅಚ್ಚುಕಟ್ಟಾಗಿ ಮೋಸ ಮಾಡುತ್ತಿದ್ದೆವು.

ಹುತ್ತರಿ ಹಬ್ಬದ ಹೊತ್ತಿಗೆ ಪ್ಲಾಸ್ಟರ್ ಬಿಚ್ಚಿದರು. ಡಾಕ್ಟರು ಮಣಿಕಟ್ಟನ್ನು ಹಿಂದೆ ಮುಂದೆ ಆಡಿಸಿ ನೋಡಿ, ಎಲುಬು ಚೆನ್ನಾಗಿ ಕೂಡಿದೆ, ಕೈ ಮೊದಲಿನಂತೆಯೇ ಕೆಲಸ ಮಾಡುತ್ತದೆ ಎಂದರು. ಅದು ನಿಜವಾಯಿತು. ಇವರು ಕೊಡ ಎತ್ತಿದರು, ಸೌದೆ ಒಡೆದರು, ಗುಂಡಿ ಹಾಕಿಕೊಂಡರು. ಮನೆಯಲ್ಲಿ ಕಾಯುತ್ತಿದ್ದ ಕಾಗದವನ್ನು ಬಿಡಿಸಿ ಪ್ರೆಸ್ಸಿನ ಅಕ್ಷರಗಳಿಗೆ ಕೂತರು.

ಮೊದಲು ಪೆನ್ಸಿಲ್ ತೆಗೆದುಕೊಂಡರು. ಆಮೇಲೆ ಅಡಿಕೋಲು. ಹೊರಗೆರೆ ಎಳೆದು ಒಳಗೆ ಬಣ್ಣ ತುಂಬಿದರು. ‘ಕ’ ಕಂಬದಂತೆ ನಿಂತಿತು. ‘ಹ’ ಬಾಯಿ ಮುಚ್ಚಿಕೊಂಡಿತು. ಎಲ್ಲ ಅಕ್ಷರವೂ ಸಾಲಿನಲ್ಲಿ, ಸಮವಾಗಿ, ಒಂದರಿಂದೊಂದು ಅಷ್ಟಷ್ಟೇ ದೂರದಲ್ಲಿ. ಒಂದು ಹಾಳೆ ಹರಿದರು, ಇನ್ನೊಂದು ಬರೆದರು, ಅದನ್ನೂ ಹರಿದರು. ಪ್ರೆಸ್ಸಿನ ಯಜಮಾನರು ಬಂದು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

“ಚೆನ್ನಾಗೇ ಉಂಟು,” ಎಂದರು. “ಆದ್ರೆ ಇವು ನನ್ನ ಅಚ್ಚಿನಕ್ಷರದ ಕೇಸಲ್ಲೇ ಇದಾವಲ್ಲ. ಸೀಸದ್ದು.”

“ಹೌದು,” ಎಂದರು ಇವರು.

“ಶಿವರಾತ್ರಿಗೆ ಕೆತ್ತೋನು ಬರ್ತಾನೆ.”

“ಗೊತ್ತು ಸಾರ್.”

“ಒತ್ತಾಯ ಅಲ್ಲ ಮತ್ತೆ. ಆಗದಿದ್ರೆ ಮೈಸೂರಿಂದ ಯಾವುದಾದ್ರೂ ಹಳೆ ಸೆಟ್ಟು ತರಿಸ್ತೇನೆ.”

ಅವರು ಹೋದ ಮೇಲೆ ಇವರು ಬ್ರಷ್ಷನ್ನು ತೊಳೆದು, ಒರೆಸಿ, ಮತ್ತೆ ತೊಳೆದರು. “ಮೊದಲು ಕೈ ತಾನೇ ಓಡ್ತಿತ್ತು ಕಣೇ,” ಎಂದರು. “ಈಗ ಸ್ವಲ್ಪ ವಾಲಿಸೋಣ ಅಂತ ಹೋದ್ರೆ ಅಕ್ಷರ ಉರುಳಿಹೋಗತ್ತೇನೋ ಅನ್ನಿಸತ್ತೆ. ಕೈ ಹಿಡಿದು ನಿಲ್ಲಿಸಿಬಿಡ್ತೀನಿ.” ಕೈ ಗುಣವಾಗಿತ್ತು. ಗುಣವಾಗದೆ ಉಳಿದದ್ದು ಏನೆಂದು ಇಬ್ಬರಿಗೂ ಗೊತ್ತಿತ್ತು. ಮದ್ದು ಗೊತ್ತಿರಲಿಲ್ಲ.

ಪಾಲಿಬೆಟ್ಟದ ಒಂದು ಎಸ್ಟೇಟಿನಲ್ಲಿ ನನ್ನ ಅಕ್ಕನ ಗಂಡ ರೈಟರ್ ಆಗಿದ್ದರು, ಎಂದರೆ ಎಸ್ಟೇಟಿನ ಆಫೀಸು ನೋಡಿಕೊಳ್ಳುವವರು. ಅವರಿಂದ ಹೇಳಿಕೆ ಬಂತು: ಗೇಟಿನ ಬೋರ್ಡು ಮಾಸಿದೆ, ಇಬ್ಬರೂ ಬನ್ನಿ, ನಾಲ್ಕು ದಿನ ಇದ್ದು ಹೋಗಿ. ಶಿವರಾತ್ರಿ ಹತ್ತಿರ ಬಂದಿತ್ತು. ಇವರು ಬೇಡವೆಂದರು. ನಾನು ಕಾಗದ, ಬ್ರಷ್ಷು, ಇಂಕು ಎಲ್ಲವನ್ನೂ ಪೆಟ್ಟಿಗೆಗೆ ತುಂಬಿದೆ.

ಬಸ್ಸಿನಲ್ಲಿಯೇ ಹೋಗಬೇಕು, ಬೇರೆ ದಾರಿಯಿಲ್ಲ. ಹಿಂದಿನ ಸೀಟಿನಲ್ಲಿ ಕೈ ಹಿಡಿದುಕೊಂಡು ಕೂತೆವು. ಇಳಿಜಾರು ಬಂದಾಗಲೆಲ್ಲ ಇವರು ಬಲಗಾಲಿನಿಂದ ನೆಲವನ್ನು ಒತ್ತುತ್ತಿದ್ದರು. ನೋಡಿದೆ, ನಾನೂ ಒತ್ತುತ್ತಿದ್ದೆ.

ಕಂಡಕ್ಟರ್ ನಮ್ಮ ಕೈ ನೋಡಿ, “ಎಂತ ಸಾರ್, ಹೊಸ ಮದುವೆಯಾ?” ಎಂದ.

“ಹಳೇದೇ,” ಎಂದರು ಇವರು. “ಬ್ರೇಕು ಮಾತ್ರ ಹೊಸದು.”

ರೈಟರ್ ಕ್ವಾರ್ಟರ್ಸಿನ ಎದುರಿಗೇ ಕಾಫಿ ಒಣಗಿಸುವ ಸಿಮೆಂಟಿನ ಕಣ. ಎಷ್ಟು ದೊಡ್ಡದೆಂದರೆ ನಮ್ಮ ಶಾಲೆಯ ಕಟ್ಟಡವನ್ನು ಎತ್ತಿ ಅದರ ಮೇಲೆ ಇಡಬಹುದಿತ್ತು. ಮೊದಲ ಪಿಕಿಂಗಿನ ಕಾಫಿ ಒಣಗಿ ಗೋದಾಮಿಗೆ ಹೋಗಿತ್ತು. ತಡವಾಗಿ ಹಣ್ಣಾಗುವ ರೊಬಸ್ಟಾ ಕಾಫಿ ಬರುವ ಮೊದಲು ಕಣವನ್ನು ಗುಡಿಸಿ ತೊಳೆಯುತ್ತಿದ್ದರು. ಕೂಲಿ ಲೈನಿನ ಹೆಂಗಸರು ನೀರು ಎರಚಿ ಉದ್ದ ಪೊರಕೆಯಲ್ಲಿ ತಿಕ್ಕುವುದು, ಬಿಸಿಲು ಅದನ್ನು ಆಗಲೇ ಕುಡಿದುಬಿಡುವುದು. ಒಂದು ಪಕ್ಕದಲ್ಲಿ ಸುಣ್ಣ ಬಳಿಯುವ ಈಚಲು ನಾರಿನ ಬ್ರಷ್ಷೊಂದು ನೀರಿನ ಬಾಲ್ದಿಯಲ್ಲಿ ನೆನೆಯುತ್ತಿತ್ತು, ಉದ್ದ ಬಿದಿರು ಹಿಡಿಯದು.

ಊಟವಾಗಿ ಹೆಂಗಸರು ನೆರಳಿನಲ್ಲಿ ಎಲೆಅಡಿಕೆ ಹಾಕುತ್ತ ಕೂತಿದ್ದರು. ಇವರು ಗೇಟಿನ ಬೋರ್ಡು ನೋಡಲು ಹೊರಟವರು ಬಾಲ್ದಿಯ ಹತ್ತಿರ ನಿಂತರು. ಆ ಬ್ರಷ್ಷನ್ನು ಎತ್ತಿ ಕೊಡವಿದರು. ಒಣಗಿದ ಸಿಮೆಂಟಿನ ಮೇಲೆ ನೀರು ಬಿದ್ದಲ್ಲಿ ಕಪ್ಪಗೆ ಗುರುತಾಯಿತು. ಅದನ್ನೇ ಎಳೆದು ಒಂದು ‘ಅ’ ಬರೆದರು. ಎಮ್ಮೆ ಮಲಗಿದಷ್ಟು ಅಗಲ. ಬರೆದು ಹಿಂದೆ ಸರಿದು ನೋಡುತ್ತಿದ್ದಂತೆಯೇ ಅದರ ಬಾಲ ಒಣಗಿ ಮಾಯವಾಯಿತು.

“ಅಯ್ಯೋ, ನಿಮ್ದು ಓಡೋಯ್ತು ಸಾಮಿ!” ಎಂದಳು ಒಬ್ಬಳು, ಬಾಯ ತುಂಬ ಎಲೆ.

“ಇನ್ನೊಂದು ಮರಿ ಹಾಕ್ತೀನಿ ಇರು,” ಎಂದರು ಇವರು. ‘ಆ’ ಬರೆದರು.

ಹೆಂಗಸರು ಎದ್ದು ಬಂದರು. “ನನ್ನೆಸ್ರು ಬರೀರಿ”, “ಎನ್ ಪೇರು, ಎನ್ ಪೇರು” ಎಂದು ಕನ್ನಡ ತಮಿಳು ಎಲ್ಲ ಒಟ್ಟಿಗೆ. ಇವರು ಬರೆದುಕೊಟ್ಟರು. ಬಿದಿರಿನ ಹಿಡಿ ಉದ್ದ. ಮಣಿಕಟ್ಟಿಗೆ ಅಲ್ಲಿ ಕೆಲಸವೇ ಇಲ್ಲ, ಭುಜದಿಂದ, ಸೊಂಟದಿಂದ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಬರೆಯಬೇಕು. ಒಬ್ಬಳು ನೀರು ಒಣಗುವವರೆಗೆ ತನ್ನ ಹೆಸರಿನ ಮೇಲೆ ಯಾರನ್ನೂ ಕಾಲಿಡಲು ಬಿಡಲಿಲ್ಲ. ಇನ್ನೊಬ್ಬಳು ತನ್ನ ಗಂಡನ ಹೆಸರು ಬರೆಸಿ, ಅದು ಮಾಯವಾಗುವುದನ್ನು ನೋಡಿ, “ಹಿಂಗೇ ಕಣಪ್ಪ, ಸಂತೆ ದಿವ್ಸ ಅವ್ನೂ,” ಎಂದಳು. ಇವರು ನಕ್ಕು ನಕ್ಕು ಬ್ರಷ್ಷನ್ನು ಊರಿಕೊಂಡು ನಿಂತರು. ಆ ನಗು ಕೇಳಿ ಅಕ್ಕ ಅಡಿಗೆಮನೆಯಿಂದ ಹೊರಗೆ ಬಂದಳು.

ಕಣದ ಮೇಸ್ತ್ರಿ ಓಡಿ ಬಂದರು. ಕಣ ಅವರ ಸಾಮ್ರಾಜ್ಯ.

“ಎಂತ ಸ್ವಾಮಿ ಇದು! ಒಣಗಿದ್ದನ್ನ ಮತ್ತೆ ಒದ್ದೆ ಮಾಡ್ತಿದ್ದೀರಿ! ನಾಳೆ ಬೆಳಿಗ್ಗೆ ಕಾಫಿ ಹರಡ್ಬೇಕು. ಪಸೆ ಇದ್ರೆ ಮುಗ್ಗು ಹಿಡೀತದೆ, ಆಮೇಲೆ ದೊರೆ ನನ್ನ ತೋಲು ಒಣಗಿಸ್ತಾರೆ.”

“ಬಿಸಿಲು ನೋಡ್ರಿ ಮೇಸ್ತ್ರಿ. ಓ-ಗೆ ಬರೋಷ್ಟರಲ್ಲಿ ಅ ಇರಲ್ಲ.”

“ನೋಡುವ,” ಎಂದರು ಮೇಸ್ತ್ರಿ, ಸೊಂಟಕ್ಕೆ ಕೈ ಕೊಟ್ಟು. “ಇದ್ರೆ ನೀವೇ ಅಂಗಿ ಬಿಚ್ಚಿ ಒರೆಸ್ಬೇಕು.”

ಪಂದ್ಯ ಕಟ್ಟಿದಂತಾಯಿತು. ಹೆಂಗಸರು ಎರಡು ಪಕ್ಷವಾದರು. ಇವರು ಬಾಲ್ದಿ ತುಂಬಿಸಿಕೊಂಡು ಕಣದ ಒಂದು ತುದಿಯಿಂದ ಶುರು ಮಾಡಿದರು. ಅ, ಆ, ಇ, ಈ. ಬಿಸಿಲು ಹಿಂದಿನಿಂದ ಅಳಿಸುತ್ತ ಬರುತ್ತಿತ್ತು, ಇವರು ಮುಂದೆ ಮುಂದೆ ಹೋಗುತ್ತಿದ್ದರು. ಯೋಚಿಸಲು ಹೊತ್ತಿಲ್ಲ. ತಪ್ಪಿದರೆ ಉಳಿಯುವುದೂ ಇಲ್ಲ. ನಾನು ಜಗಲಿಯಲ್ಲಿ, ದೂರದಲ್ಲಿ ನಿಂತಿದ್ದೆ. ಅಲ್ಲಿಂದ ನನಗೆ ಕಂಡಿತು. ‘ಉ’ ಕೊರಳು ಕೊಂಕಿಸಿತು. ‘ಎ’ ಒಂಟಿ ಕಾಲಿನಲ್ಲಿ ನಿಂತಿತು. ‘ಐ’ ಪೂರ್ತಿ ಎಡಕ್ಕೆ ಉರುಳುವ ಹಾಗಿತ್ತು.

“ಎಡಕ್ಕೆ ವಾಲಿತು ಕಣ್ರೀ!” ಎಂದು ಕೂಗಿದೆ. ಅಭ್ಯಾಸ.

“ವಾಲಲಿ ಬಿಡೇ!” ಎಂದು ಕೂಗಿದರು ಇವರು. ತಿರುಗಲಿಲ್ಲ, ನಿಲ್ಲಲಿಲ್ಲ.

‘ಓ’ ಬರೆದು ಮುಗಿಸುವಾಗ ‘ಅ’ ಇದ್ದ ಜಾಗದಲ್ಲಿ ಮೇಸ್ತ್ರಿ ಮಂಡಿಯೂರಿ ಕೂತು ಅಂಗೈಯಿಂದ ಸಿಮೆಂಟನ್ನು ತಡವಿ ನೋಡುತ್ತಿದ್ದರು. “ಒಣಗಿದೆ,” ಎಂದು ಒಪ್ಪಿದರು. ಸ್ವಲ್ಪ ಹೊತ್ತಿನ ಮೇಲೆ ಹತ್ತಿರ ಬಂದು, ಬೇರೆ ಯಾರಿಗೂ ಕೇಳಿಸದ ಹಾಗೆ ತಮ್ಮ ಮೊಮ್ಮಗಳ ಹೆಸರನ್ನು ಹೇಳಿದರು. ಇವರು ಅದನ್ನು ಎಲ್ಲಕ್ಕಿಂತ ದೊಡ್ಡದಾಗಿ ಬರೆದರು.

ಆಮೇಲೆ ಕೈಕಾಲು ತೊಳೆದು, ಕಾಫಿ ಕುಡಿದು, ಗೇಟಿನ ಬೋರ್ಡನ್ನು ಮರೆತು, ಅಕ್ಕನ ಜಗಲಿಯ ನೆಲದ ಮೇಲೆ ಕಾಗದ ಹಾಸಿಕೊಂಡು ಕೂತರು. ಪೆನ್ಸಿಲನ್ನು ನಾನು ಪೆಟ್ಟಿಗೆಯ ತಳದಲ್ಲೇ ಬಿಟ್ಟೆ. ಒಂದೊಂದು ಹಾಳೆಗೆ ಒಂದೊಂದು ಅಕ್ಷರ. ಬರೆದದ್ದನ್ನು ನಾನು ಎತ್ತಿಕೊಂಡು ಹೋಗಿ ಒಣಗಲು ಇಡುತ್ತಿದ್ದೆ. ಜಗಲಿ ತುಂಬಿತು. ಹಜಾರ ತುಂಬಿತು. ‘ಟ ಠ ಡ ಢ’ ಮಂಚದ ಮೇಲೆ ಮಲಗಿದವು. ಭಾವ ಆಫೀಸಿನಿಂದ ಬಂದು ಬಾಗಿಲಲ್ಲೇ ನಿಂತರು.

“ಎಲ್ಲಿ ಕಾಲಿಡಲಿ?”

“‘ಫ’ ದಾಟಿ ಬನ್ನಿ,” ಎಂದೆ. “‘ಬ’ ಇ‌ನ್ನೂ ಹಸಿ.”

“ಊಟಕ್ಕೆ ಏನು, ಒತ್ತಕ್ಷರವಾ?” ಎಂದು ಅಕ್ಕ ಒಳಗಿನಿಂದ ಗದರಿದಳು. “ಎಲೆ ಹಾಕೋಕೆ ಒಂದು ಗೇಣು ನೆಲ ಬಿಟ್ಟಿಲ್ಲ ನಿನ್ನ ಗಂಡ.”

ದೀಪ ಹಚ್ಚುವ ಹೊತ್ತಿಗೆ ‘ಳ’ ಬಂತು, ಬಾಲ ಸುತ್ತಿಕೊಂಡು. ಕೊಂಬು, ಒತ್ತು, ಸುಳಿ ಎಲ್ಲ ಮರುದಿನಕ್ಕೆ ಉಳಿದವು. ನಾನು ಹಾಳೆಗಳ ನಡುವೆ ತಿರುಗಿ ಒಂದೊಂದನ್ನೇ ನೋಡಿದೆ. ಮೊದಲಿನವೇ ಅಕ್ಷರಗಳು ಎಂದರೆ ಸುಳ್ಳಾಗುತ್ತದೆ. ಇವು ಸ್ವಲ್ಪ ದಪ್ಪ, ಸ್ವಲ್ಪ ಒರಟು, ಈಚಲು ನಾರಿನ ಬ್ರಷ್ಷಿನ ದೊಡ್ಡ ಹೆಜ್ಜೆ ಅವುಗಳಲ್ಲಿ ಸೇರಿಕೊಂಡಿತ್ತು. ಆದರೆ ಒಂದೂ ನೆಟ್ಟಗೆ ನಿಂತಿರಲಿಲ್ಲ. ಪ್ರೆಸ್ಸಿನ ಯಜಮಾನರು ಇದಕ್ಕೆ ಏನು ಹೇಳುತ್ತಾರೆ ಎಂದು ಇವರನ್ನು ಕೇಳಿದೆ.

“ಅವರ ಕೇಸಲ್ಲಿ ಇಲ್ಲ ಅಂತಾರೆ,” ಎಂದರು ಇವರು, ಬೆನ್ನು ನೆಟ್ಟಗೆ ಮಾಡಿ ನರಳುತ್ತ.

ಊಟಕ್ಕೆ ಅಕ್ಕಿ ರೊಟ್ಟಿ, ಅವರೆಕಾಳಿನ ಸಾರು. ಇವರು ಎಣಿಸದೆ ತಿಂದರು. ಹಾಸಿಗೆಯ ಮೇಲಿನ ಅಕ್ಷರಗಳನ್ನು ಎತ್ತಿ ಗೋಡೆಗೆ ಒರಗಿಸಿ ಮಲಗಿದೆವು. ಇವರು ಮಾತಿನ ನಡುವೆಯೇ ನಿದ್ರೆ ಹೋದರು. ಗೊರಕೆ ಇರಲಿಲ್ಲ, ಇವರು ನಿಜವಾಗಿ ಮಲಗಿದಾಗ ಗೊರಕೆ ಹೊಡೆಯುವುದಿಲ್ಲ ಎಂಬುದು ಆಗ ನನಗೆ ನೆನಪಾಯಿತು. ಅದನ್ನು ಯೋಚಿಸುತ್ತಿದ್ದದ್ದೇ ಕೊನೆಯ ನೆನಪು.

ಬಾಗಿಲು ಬಡಿಯುವ ಶಬ್ದಕ್ಕೆ ಎಚ್ಚರವಾಯಿತು. “ಏನೇ ಟೀಚರಮ್ಮ, ಸ್ಕೂಲಿಗೆ ರಜಾ ಅಂತ ಸೂರ್ಯನಿಗೂ ರಜಾನಾ?” ಎಂದು ಅಕ್ಕ ಹೊರಗಿನಿಂದ ಕೂಗುತ್ತಿದ್ದಳು. ಕಿಟಕಿಯಲ್ಲಿ ಬಿಸಿಲು ತುಂಬಿತ್ತು. ಪಿಕಿಂಗಿನವರು ಯಾವಾಗಲೋ ತೋಟಕ್ಕೆ ಹೋಗಿ ಆಗಿತ್ತು, ಅವರ ಗದ್ದಲವೂ ನನಗೆ ಕೇಳಿಸಿರಲಿಲ್ಲ. ಕಣದ ಮೇಲೆ ಮೇಸ್ತ್ರಿ ಕೆಂಪು ರೊಬಸ್ಟಾ ಹರಡಿಸುತ್ತಿದ್ದರು. ರಾತ್ರಿ ಎದ್ದಿದ್ದೆನೇ ಎಂದು ನೆನಪು ಮಾಡಿಕೊಂಡೆ. ಎದ್ದಿರಲಿಲ್ಲ. ಕೈ ಚಾಚಿ ಮುಟ್ಟಿ ನೋಡಿರಲೂ ಇಲ್ಲ.

“ಬಂದೆ,” ಎಂದು ಅಕ್ಕನಿಗೆ ಕೂಗಿ ಹೇಳಿ, ಹೊದಿಕೆ ಎಳೆದುಕೊಂಡೆ. ಇವರು ಇನ್ನೂ ಮಲಗೇ ಇದ್ದರು.